ಸಂಜೆ ಮನೆಗೆ ಬರುವ ಕಾರಿಗೆ ಹಗಲಿನ ಬಿಸಿಲು ಸಿಗುವುದು ಹೇಗೆ?

ಪ್ರಶ್ನೆ: ನಾವು ಶಿವಮೊಗ್ಗದಲ್ಲಿದ್ದೇವೆ. ನಾನು ಭದ್ರಾವತಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಎರಡು ತಿಂಗಳ ಹಿಂದೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆವು, ಸುಮಾರು 40 ಯೂನಿಟ್ ಬ್ಯಾಟರಿಯದು. ದಿನಾ ಹೋಗಿ ಬರಲು 40 ಕಿ.ಮೀ. ಆಗುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ವಾಪಸ್ ಬರುವುದು ಸಂಜೆ ಆರರ ಮೇಲೆ. ತಾರಸಿ ಮೇಲೆ ಸೋಲಾರ್ ಹಾಕಿಸುವ ಆಸೆ ಇದೆ. ಬಂದು ನೋಡಿದ ಏಜೆನ್ಸಿಯವರು 5 ಕಿಲೋವಾಟ್ ಪ್ಯಾನೆಲ್, ಜೊತೆಗೆ 10 ಯೂನಿಟ್ ಲಿಥಿಯಂ ಬ್ಯಾಟರಿ ಹಾಕಿದರೆ ಕಾರು ಪೂರ್ತಿ ಫ್ರೀ ಓಡುತ್ತದೆ ಎನ್ನುತ್ತಾರೆ. ಬಿಸಿಲು ಇರುವಾಗ ಕಾರು ಮನೆಯಲ್ಲೇ ಇರುವುದಿಲ್ಲವಲ್ಲ, ಹಾಗಾಗಿ ಬ್ಯಾಟರಿ ಬೇಕೇ ಬೇಕಂತೆ. ನಿಜವಾ? ಕರೆಂಟ್ ಹೋದಾಗ ಸೋಲಾರ್‌ನಿಂದ ಕಾರು ಚಾರ್ಜ್ ಆಗುತ್ತದಾ? ಸದ್ಯಕ್ಕೆ ಪೋರ್ಟಿಕೋದ 15 ಆಂಪ್ ಪಾಯಿಂಟ್‌ನಲ್ಲೇ ಚಾರ್ಜ್ ಮಾಡುತ್ತಿದ್ದೇವೆ. ಒಂದೆರಡು ಗಂಟೆಯಲ್ಲಿ ಪ್ಲಗ್ ಕೈಗೆ ಬಿಸಿ ತಾಗುತ್ತದೆ. ಮನೆಗೆ ಗೃಹಜ್ಯೋತಿ ಇದೆ, ಕಾರು ಬರುವ ಮೊದಲು ತಿಂಗಳಿಗೆ 150 ಯೂನಿಟ್ ಆಸುಪಾಸು ಓಡುತ್ತಿತ್ತು. ಬೆಂಗಳೂರಿನಲ್ಲಿ ಫ್ಲ್ಯಾಟ್‌ನಲ್ಲಿರುವ ನನ್ನ ತಮ್ಮನೂ ಇದನ್ನೇ ಕೇಳುತ್ತಿದ್ದಾನೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ:

ಮೇಡಂ, ಸೋಲಾರ್ ಮಾತು ಆಮೇಲೆ ಆಡೋಣ. ಮೊದಲು ಆ ಬಿಸಿಯಾಗುವ ಪ್ಲಗ್ ವಿಷಯ. ಇವತ್ತಿನಿಂದಲೇ ಆ ಪಾಯಿಂಟ್‌ನಲ್ಲಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅದು ಸರಿಯಾಗುವವರೆಗೆ ಊರಲ್ಲಿರುವ ಪಬ್ಲಿಕ್ ಚಾರ್ಜರ್ ಬಳಸಿ.

ಮನೆಯ 15 ಆಂಪ್ ಪಾಯಿಂಟ್‌ಗೆ ಗೀಸರ್, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮಷಿನ್ ಹಾಕಿ ಅಭ್ಯಾಸ. ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಕಾರು ಹಾಗಲ್ಲ. 10ರಿಂದ 13 ಆಂಪ್ ಕರೆಂಟನ್ನು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಸಾಕೆಟ್ ಒಳಗಿನ ಹಿತ್ತಾಳೆ ತುಂಡು ಸ್ವಲ್ಪ ಸಡಿಲವಾಗಿದ್ದರೂ, ಸ್ಕ್ರೂ ಸರಿಯಾಗಿ ಬಿಗಿಯದಿದ್ದರೂ ಅಲ್ಲೇ ಶಾಖ ಹುಟ್ಟುತ್ತದೆ. ಶಾಖಕ್ಕೆ ಸಂಪರ್ಕ ಇನ್ನಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟೂ ಶಾಖ ಜಾಸ್ತಿ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ಇದು ರಾತ್ರಿ ಎಲ್ಲರೂ ಮಲಗಿರುವಾಗ ನಡೆಯುವ ಕೆಲಸ ಅನ್ನುವುದೇ ನನ್ನ ಆತಂಕ.

ಮೀಟರ್ ಬೋರ್ಡ್‌ನಿಂದ ಕಾರಿಗೆ ಅಂತಲೇ ಬೇರೆ ಲೈನ್ ಎಳೆಸಿ. ದಾರಿಯಲ್ಲಿ ಅದಕ್ಕೆ ಬೇರೆ ಯಾವ ಪಾಯಿಂಟೂ ಸೇರಬಾರದು. 16 ಆಂಪ್ ಸಾಕೆಟ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಆದರೆ ಗೋಡೆ ಕೊರೆಯುವುದು ಒಂದೇ ಸಲ ಆಗಲಿ, 6 ಚದರ ಮಿ.ಮೀ. ಹಾಕಿಸಿಬಿಡಿ. ಮುಂದೆ 7.2 ಕಿಲೋವಾಟ್ ಚಾರ್ಜರ್ ಬೇಕೆನಿಸಿದರೂ ಅದೇ ವೈರ್ ನಡೆಯುತ್ತದೆ. ಗೋಡೆಯ ಮಾಮೂಲಿ ಸಾಕೆಟ್ ಬದಲು ಒಳ್ಳೆಯ ಕಂಪನಿಯ, ಗಟ್ಟಿ ಹಿಡಿತದ ಸಾಕೆಟ್ ಕೇಳಿ. ಆ ಲೈನ್‌ಗೆ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬೇಕು. ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ಬಿದ್ದು ಶಾಕ್ ತಪ್ಪಿಸುವ ಸ್ವಿಚ್) ಬೇಕು. ಆರ್‌ಸಿಸಿಬಿ ಕೊಳ್ಳುವಾಗ 'ಟೈಪ್ ಎ' ಎಂದು ಕೇಳಿ ಪಡೆಯಿರಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು 'ಟೈಪ್ ಎಸಿ'. ಕಾರಿನ ಚಾರ್ಜರ್ ಒಳಗೆ ಲೈನ್‌ನ ಎಸಿ ಕರೆಂಟ್, ಬ್ಯಾಟರಿಗೆ ಬೇಕಾದ ಡಿಸಿ ಆಗುತ್ತದೆ. ಅಲ್ಲಿ ಸೋರಿಕೆಯಾದರೆ ಅದರಲ್ಲಿ ಡಿಸಿ ಅಂಶ ಇರಬಹುದು. ಅಂಥ ಸೋರಿಕೆಗೆ ಹಳೆಯ ಬಗೆಯ ಆರ್‌ಸಿಸಿಬಿ ಬೀಳದೆಯೇ ಇರಬಹುದು.

ಅರ್ಥಿಂಗ್ ಕೂಡ ನೋಡಿಸಿ. ನಿಮ್ಮ ಕಡೆಯದು ಕೆಂಪು ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್, ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ಕೈಕೊಡುತ್ತದೆ. ಆಗ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಬಹಳ ಜನ ಚಾರ್ಜರ್ ಕೆಟ್ಟಿದೆ ಅಂದುಕೊಂಡು ಶೋರೂಮಿಗೆ ಓಡುತ್ತಾರೆ. ಗುಂಡಿಗೆ ಆಗಾಗ ನೀರು ಹಾಕುವುದು ನಮ್ಮ ಹಿರಿಯ ಲೈನ್‌ಮನ್‌ಗಳು ಹೇಳುತ್ತಿದ್ದ ಉಪಾಯ. ಈಗಲೂ ಅದು ಸರಿಯಾದದ್ದೇ.

ಇಷ್ಟೆಲ್ಲ ಮಾಡುವಾಗ 7.2 ಕಿಲೋವಾಟ್ ಚಾರ್ಜರನ್ನೇ ಹಾಕಿಸಿಬಿಡೋಣವಾ ಎಂದು ಯಾರಾದರೂ ಕೇಳಬಹುದು. ನಿಮಗೆ ಅದು ಬೇಕಿಲ್ಲ. 40 ಕಿ.ಮೀ. ಓಡಿದ ಕಾರಿಗೆ ಮೀಟರ್ ಲೆಕ್ಕದಲ್ಲಿ ಏಳು ಯೂನಿಟ್ ವಾಪಸ್ ತುಂಬಬೇಕು. 16 ಆಂಪ್ ಸಾಕೆಟ್‌ನಲ್ಲಿ ಗಂಟೆಗೆ ಎರಡೂವರೆ ಯೂನಿಟ್ ದಾಟುತ್ತದೆ. ಅಂದರೆ ಮೂರು ಗಂಟೆಯೊಳಗಿನ ಕೆಲಸ. ಕಾರು ಸಂಜೆಯಿಂದ ಬೆಳಿಗ್ಗೆವರೆಗೆ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಮನೆಯಲ್ಲೇ ನಿಂತಿರುತ್ತದೆ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರು ಕೂಡ ಮನೆಯ 15 ಆಂಪ್ ಪಾಯಿಂಟ್‌ನಲ್ಲೇ ಚಾರ್ಜ್ ಆಗುತ್ತಿತ್ತು. ದೊಡ್ಡ ಚಾರ್ಜರ್ ಹಾಕಿದರೆ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕಿಲೋವಾಟ್) ಏರಿಸಬೇಕು. ಲೋಡ್ ಏರಿದರೆ ಪ್ರತಿ ಕಿಲೋವಾಟ್‌ಗೂ ತಿಂಗಳು ತಿಂಗಳು ಫಿಕ್ಸೆಡ್ ಚಾರ್ಜ್ ಏರುತ್ತದೆ. ನಿಮ್ಮ ಬಿಲ್‌ನಲ್ಲಿ ಸ್ಯಾಂಕ್ಷನ್ ಲೋಡ್ ಎಷ್ಟಿದೆ ನೋಡಿ. 3 ಕಿಲೋವಾಟ್ ಇದ್ದರೆ ಕಾರು ಮತ್ತು ಗೀಸರ್ ಒಟ್ಟಿಗೆ ಓಡದಂತೆ ನೋಡಿಕೊಳ್ಳಿ. ಕಾರಿನ ಆ್ಯಪ್‌ನಲ್ಲಿ ಟೈಮರ್ ಇದ್ದರೆ ರಾತ್ರಿ ಹನ್ನೊಂದಕ್ಕೆ ಶುರುವಾಗುವಂತೆ ಇಡಿ.

ಹನ್ನೊಂದೇ ಯಾಕೆ ಅಂದರೆ, ಸಂಜೆ ಏಳರಿಂದ ಹತ್ತರವರೆಗೆ ಸೂರ್ಯ ಇರುವುದಿಲ್ಲ, ಆದರೆ ಎಲ್ಲರ ಮನೆಯಲ್ಲೂ ದೀಪ, ಫ್ಯಾನ್, ಟಿ.ವಿ., ಅಡುಗೆ ಎಲ್ಲ ನಡೆಯುತ್ತಿರುತ್ತದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಆ ಹೊತ್ತಿಗೆ ಸೊನ್ನೆ. ಆಗ ನಿಮ್ಮದೇ ಜಿಲ್ಲೆಯ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳು ಮತ್ತು ಕಲ್ಲಿದ್ದಲು ಸ್ಥಾವರಗಳು ಭಾರ ಹೊರಬೇಕು. ಮನೆಗೆ ಬಂದ ತಕ್ಷಣ ಕಾರನ್ನು ಪ್ಲಗ್‌ಗೆ ಹಾಕಿದರೆ ಸರಿಯಾಗಿ ಆ ಭಾರದ ಮೇಲೆ ಇನ್ನೊಂದು ಭಾರ. ಬಿಲ್‌ನಲ್ಲಿ ನಿಮಗೆ ವ್ಯತ್ಯಾಸ ಕಾಣದು. ಆದರೂ ಒಂದು ಟೈಮರ್‌ನಿಂದ ಆಗುವ ಕೆಲಸವನ್ನು ಮಾಡದೆ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬಿಸಿಲಿರುವಾಗ ಕಾರು ಭದ್ರಾವತಿಯಲ್ಲಿ, ಕಾರು ಮನೆಯಲ್ಲಿರುವಾಗ ಬಿಸಿಲಿಲ್ಲ. ಹಾಗಾದರೆ ಬ್ಯಾಟರಿ ಬೇಕಲ್ಲವಾ?

ಬೇಡ. ನಡುವೆ ಮೆಸ್ಕಾಂ ಲೈನ್ ಇದೆ. ನೆಟ್ ಮೀಟರಿಂಗ್ ಅಂದರೆ ಅಡಿಕೆ ಮಂಡಿಯ ಖಾತೆ ಇದ್ದ ಹಾಗೆ. ಹಗಲು ನಿಮ್ಮ ತಾರಸಿಯಲ್ಲಿ ಹುಟ್ಟಿ ಮನೆಯಲ್ಲಿ ಖರ್ಚಾಗದ ಕರೆಂಟ್ ಲೈನ್‌ಗೆ ಹೋಗಿ ನಿಮ್ಮ ಹೆಸರಲ್ಲಿ ಜಮೆ ಆಗುತ್ತದೆ. ರಾತ್ರಿ ಕಾರಿಗೆ ಎಳೆದದ್ದು ಖರ್ಚಿಗೆ ಬೀಳುತ್ತದೆ. ಎರಡೂ ಕಡೆ ಓಡುವ ಮೀಟರ್ ಇವೆರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳುತ್ತದೆ. ತಿಂಗಳ ಕೊನೆಗೆ ಒಂದರಿಂದ ಒಂದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್. ಹಗಲು ಹತ್ತು ಯೂನಿಟ್ ಕೊಟ್ಟು ರಾತ್ರಿ ಹತ್ತು ಯೂನಿಟ್ ತೆಗೆದುಕೊಂಡರೆ ಯೂನಿಟ್ ಲೆಕ್ಕ ಸೊನ್ನೆ.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ನೆನಪಿಡಿ. ಅರ್ಜಿಯಲ್ಲಿ 'ನೆಟ್' ಎಂದೇ ಇರಲಿ, 'ಗ್ರಾಸ್' ಬೇಡ. ಗ್ರಾಸ್ ಮೀಟರಿಂಗ್‌ನಲ್ಲಿ ನಿಮ್ಮ ಸೋಲಾರ್ ಕರೆಂಟ್ ಪೂರ್ತಿ ಅವರಿಗೆ ಮಾರಾಟ, ನಿಮ್ಮ ಬಳಕೆ ಪೂರ್ತಿ ಅವರಿಂದ ಖರೀದಿ. ಮಾರುವ ದರ ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಎರಡನೆಯದು, ನಮ್ಮ ರಾಜ್ಯದಲ್ಲಿ ಈ ಲೆಕ್ಕ ತಿಂಗಳಿಗೊಮ್ಮೆ ಚುಕ್ತಾ ಆಗುತ್ತದೆ. ಮಾರ್ಚ್‌ನಲ್ಲಿ ಉಳಿದ ಯೂನಿಟ್ಟನ್ನು ಜುಲೈಗೆ ಕೂಡಿಡಲು ಆಗುವುದಿಲ್ಲ. ಉಳಿದದ್ದಕ್ಕೆ ಆ ಕಡಿಮೆ ದರದಲ್ಲಿ ದುಡ್ಡು ಸಿಗುತ್ತದೆ, ಅಷ್ಟೆ. ಮಲೆನಾಡಿನ ಅಂಚಿನಲ್ಲಿರುವ ನಿಮಗೆ ಈ ಎರಡನೆಯ ಮಾತು ಬಹಳ ಮುಖ್ಯ. ಎಷ್ಟು ಕಿಲೋವಾಟ್ ಅನ್ನುವುದನ್ನು ತೀರ್ಮಾನಿಸುವುದೇ ಅದು.

ಲೆಕ್ಕ ಹಾಕಿ ನೋಡೋಣ. ಶಾಲೆಗೆ ದಿನಕ್ಕೆ 40 ಕಿ.ಮೀ., ತಿಂಗಳಿಗೆ 25 ದಿನ, ಅಂದರೆ 1,000 ಕಿ.ಮೀ. ಊರೊಳಗಿನ ಓಡಾಟ, ಎಂದಾದರೂ ಸಾಗರದ ಕಡೆ ಹೋಗಿ ಬರುವುದು ಸೇರಿ 1,200 ಎಂದಿಟ್ಟುಕೊಳ್ಳಿ. ಇಂಥ ಕಾರು ಬ್ಯಾಟರಿಯ ಒಂದು ಯೂನಿಟ್‌ಗೆ ಏಳು ಕಿ.ಮೀ. ಆಸುಪಾಸು ಓಡುತ್ತದೆ. ಆದರೆ ಚಾರ್ಜ್ ಮಾಡುವಾಗ ನೂರಕ್ಕೆ ಹತ್ತು-ಹದಿನೈದು ಶಾಖವಾಗಿ ಹೋಗುತ್ತದೆ. ಹಾಗಾಗಿ ಮೀಟರ್‌ನ ಒಂದು ಯೂನಿಟ್‌ಗೆ 6 ಕಿ.ಮೀ. ಅನ್ನುವುದು ಸುರಕ್ಷಿತ ಲೆಕ್ಕ. ಕಾರಿಗೆ ತಿಂಗಳಿಗೆ 200 ಯೂನಿಟ್, ಮನೆಗೆ 150. ಒಟ್ಟು 350.

ಶಿವಮೊಗ್ಗದಲ್ಲಿ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟ್‌ಗೆ ತಿಂಗಳಿಗೆ 360. ನಿಮ್ಮ ಬಳಕೆಗೆ ಸರಿಹೊಂದಿತು, ಅಲ್ವಾ? ಆದರೆ ಸರಾಸರಿ ನಂಬಿ ಕೂರಬಾರದು. ಫೆಬ್ರವರಿ-ಮಾರ್ಚ್‌ನಲ್ಲಿ ದಿನಕ್ಕೆ ಕಿಲೋವಾಟ್‌ಗೆ 5 ಯೂನಿಟ್ ಬರುತ್ತದೆ, ತಿಂಗಳಿಗೆ 450ರ ಆಸುಪಾಸು ಆಗುತ್ತದೆ. ಜುಲೈನಲ್ಲಿ ಮೋಡ ಕವಿದರೆ ಎರಡೂವರೆಗೆ ಇಳಿಯುತ್ತದೆ, ತಿಂಗಳಿಗೆ 230 ಬಂದರೆ ಹೆಚ್ಚು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಇನ್ನೂ ಕಡಿಮೆ. ಹಾಗಾಗಿ ಬೇಸಿಗೆಯಲ್ಲಿ ನೀವು ನೂರು ಯೂನಿಟ್ ಅಗ್ಗಕ್ಕೆ ಮಾರುತ್ತೀರಿ, ಮಳೆಗಾಲದಲ್ಲಿ ನೂರು ಯೂನಿಟ್ ಪೂರ್ತಿ ಬೆಲೆಗೆ ಕೊಳ್ಳುತ್ತೀರಿ.

ಏಜೆನ್ಸಿಯವರು ಹೇಳುವ 5 ಕಿಲೋವಾಟ್ ಹಾಕಿದರೆ ಜುಲೈ ಕೊರತೆ ತುಂಬುತ್ತದೆ, ನಿಜ. ಆದರೆ ಉಳಿದ ಎಂಟು ತಿಂಗಳು ತಿಂಗಳಿಗೆ ಇನ್ನೂರು-ನಾನ್ನೂರು ಯೂನಿಟ್ ಅಗ್ಗದ ದರಕ್ಕೆ ಹೋಗುತ್ತದೆ. ನಾಲ್ಕು ತಿಂಗಳ ಮಳೆಗಾಗಿ ವರ್ಷವಿಡೀ ದುಡ್ಡು ಕಟ್ಟಿಹಾಕಿದಂತೆ. ಜೊತೆಗೆ 'ಪಿಎಂ ಸೂರ್ಯ ಘರ್' ಯೋಜನೆಯ ಸಬ್ಸಿಡಿ ಮೊದಲ ಎರಡು ಕಿಲೋವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000. ಒಟ್ಟು ₹78,000ಕ್ಕೆ ನಿಲ್ಲುತ್ತದೆ. ನಾಲ್ಕನೆಯ, ಐದನೆಯ ಕಿಲೋವಾಟ್‌ಗೆ ಒಂದು ರೂಪಾಯಿಯೂ ಇಲ್ಲ. ಮನೆಗೆ ಇನ್ನೊಂದು ಎಲೆಕ್ಟ್ರಿಕ್ ಗಾಡಿ ಬರುವುದು ಖಚಿತವಾಗಿದ್ದರೆ ಮಾತ್ರ ದೊಡ್ಡದನ್ನು ಯೋಚಿಸಿ. ನನ್ನ ಮಾತು 3 ಕಿಲೋವಾಟ್. ಈಗಿನ 540 ವಾಟ್‌ನ ಪ್ಯಾನೆಲ್ ಆರು ಹಾಕಿದರೆ ಮುಗಿಯಿತು.

ಕಾರಿನ ಬ್ಯಾಟರಿ 40 ಯೂನಿಟ್ ಅಂದ ಕೂಡಲೇ ಜನ ದಿನಾ 40 ಯೂನಿಟ್ ಬೇಕು ಅಂದುಕೊಳ್ಳುತ್ತಾರೆ. ಮಾರುವವರಿಗೂ ಆ ತಪ್ಪು ಲೆಕ್ಕವೇ ಅನುಕೂಲ. ನೀವು ಕೊಳ್ಳಬೇಕಾದ ಪ್ಯಾನೆಲ್ ನಿಮ್ಮ ಕಿಲೋಮೀಟರ್ ಮೇಲೆ ನಿಂತಿದೆ. ಕಾರಿನ ಬ್ಯಾಟರಿ ಎಷ್ಟು ದೊಡ್ಡದು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಆ 10 ಯೂನಿಟ್ ಲಿಥಿಯಂ ಬ್ಯಾಟರಿ. ಅದು, ಅದಕ್ಕೆ ಬೇಕಾದ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಬದಲಿಸುವ ಜೊತೆಗೆ ಬ್ಯಾಟರಿಯನ್ನೂ ನಡೆಸುವ ಪೆಟ್ಟಿಗೆ) ಸೇರಿದರೆ ಪ್ಯಾನೆಲ್‌ಗಳಷ್ಟೇ ಖರ್ಚು ಮತ್ತೊಮ್ಮೆ ಬರುತ್ತದೆ. ಅದರಲ್ಲಿ ಹತ್ತು ಯೂನಿಟ್ ತುಂಬಿ, ಹೊರಗೆ ತೆಗೆದು, ಮತ್ತೆ ಕಾರಿನ ಬ್ಯಾಟರಿಗೆ ತುಂಬುವ ಹೊತ್ತಿಗೆ ಏಳೂವರೆ ಯೂನಿಟ್ ಉಳಿದರೆ ಪುಣ್ಯ. ಒಂದು ಬ್ಯಾಟರಿಯಿಂದ ಇನ್ನೊಂದು ಬ್ಯಾಟರಿಗೆ ಸುರಿಯುವುದಕ್ಕೆ ಲಕ್ಷಗಟ್ಟಲೆ ಕೊಡುವುದು ನೆಟ್ ಮೀಟರಿಂಗ್ ಇರುವ ಊರಿನಲ್ಲಿ ನನಗೆ ಒಪ್ಪುವ ಮಾತಲ್ಲ. ಲೈನೇ ತಲುಪದ ತೋಟದ ಮನೆಯವರ ಪ್ರಶ್ನೆ ಬೇರೆ. ಅವರಿಗೆ ಬ್ಯಾಟರಿ ಬೇಕೇ ಬೇಕು.

"ಕರೆಂಟ್ ಹೋದಾಗ?" ಅಂತ ಕೇಳಿದ್ದೀರಿ. ಇದನ್ನು ಮಾರುವವರು ಸ್ಪಷ್ಟವಾಗಿ ಹೇಳುವುದಿಲ್ಲ, ನಾನು ಹೇಳಲೇಬೇಕು. ಬ್ಯಾಟರಿ ಇಲ್ಲದೆ ನೇರ ಲೈನ್‌ಗೆ ಜೋಡಿಸುವ 'ಆನ್-ಗ್ರಿಡ್' ಸೋಲಾರ್, ಕರೆಂಟ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಒಂದು ಬಲ್ಬ್ ಕೂಡ ಉರಿಯುವುದಿಲ್ಲ. ಇದು ದೋಷ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಲೈನ್ ಆಫ್ ಇದೆ ಅಂದುಕೊಂಡು ಲೈನ್‌ಮನ್ ಕಂಬ ಹತ್ತಿರುತ್ತಾರೆ. ಆಗ ನಿಮ್ಮ ತಾರಸಿಯಿಂದ ಕರೆಂಟ್ ಲೈನ್‌ಗೆ ಹೋದರೆ ಅವರ ಜೀವಕ್ಕೇ ಅಪಾಯ. ಹಾಗಾಗಿ ಸೋಲಾರ್‌ನ ಇನ್ವರ್ಟರ್, ಲೈನ್ ಸತ್ತಿದ್ದನ್ನು ಗುರುತಿಸಿ ತಕ್ಷಣ ಬಂದ್ ಆಗಲೇಬೇಕು.

ಆದರೆ ನಿಮ್ಮ ವಿಷಯದಲ್ಲಿ ಇದು ದೊಡ್ಡ ತೊಂದರೆ ಆಗುವುದಿಲ್ಲ. ತುಂಬಿದ 40 ಯೂನಿಟ್ ಬ್ಯಾಟರಿಯಲ್ಲಿ ನೀವು ಐದಾರು ದಿನ ಶಾಲೆಗೆ ಹೋಗಿ ಬರಬಹುದು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿದ್ದರೂ ಕಾರು ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಅಷ್ಟೇ ಸಾಕು. ಮನೆಯ ದೀಪ, ಫ್ಯಾನ್‌ಗೆ ಈಗಿರುವ ಯುಪಿಎಸ್ ಮುಂದುವರಿಯಲಿ. ಅದನ್ನು ಕಾರಿಗೆ ಮಾತ್ರ ಜೋಡಿಸಬೇಡಿ. ಕಾರಿನ ಭಾರವನ್ನು ಅದು ತಡೆಯುವುದಿಲ್ಲ.

ನಿಮ್ಮ ಕಾರಿನಲ್ಲಿ 'ವೆಹಿಕಲ್ ಟು ಲೋಡ್' ಸೌಲಭ್ಯ ಇದ್ದರೆ ಅದು ಉಲ್ಟಾ ಕೂಡ ಉಪಯೋಗಕ್ಕೆ ಬರುತ್ತದೆ. ಕರೆಂಟ್ ಇಲ್ಲದಾಗ ಕಾರಿನಿಂದಲೇ ಮಿಕ್ಸಿ, ಫ್ರಿಜ್ ಓಡಿಸಬಹುದು. ಆದರೆ ಉಪಕರಣವನ್ನು ನೇರವಾಗಿ ಕಾರಿನ ಅಡಾಪ್ಟರ್‌ಗೆ ಜೋಡಿಸಿ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಕೊಂಡು ಮನೆಯ ಸಾಕೆಟ್‌ಗೆ ಕರೆಂಟ್ ನುಗ್ಗಿಸುವ ಪ್ರಯೋಗವನ್ನು ಯಾರು ಹೇಳಿದರೂ ಮಾಡಬೇಡಿ. ಅದೇ ಲೈನ್‌ಮನ್ ಅಪಾಯ, ಜೊತೆಗೆ ನಿಮ್ಮ ಮನೆಯವರಿಗೂ ಅಪಾಯ.

ಭಾನುವಾರ ಮತ್ತು ರಜಾದಿನ ಕಾರು ಮನೆಯಲ್ಲಿರುತ್ತದಲ್ಲ, ಆಗ ಹಗಲಲ್ಲೇ ಚಾರ್ಜ್ ಮಾಡಿ. ಇದರ ಹಿಂದಿನ ಲೆಕ್ಕ ಸ್ವಲ್ಪ ಸ್ವಾರಸ್ಯವಾಗಿದೆ. 3 ಕಿಲೋವಾಟ್ ಪ್ಯಾನೆಲ್ ಮಧ್ಯಾಹ್ನ ನಿಜವಾಗಿ ಕೊಡುವುದು ಎರಡು ಕಾಲು ಕಿಲೋವಾಟ್‌ನಷ್ಟು. ಬಿಸಿಲಿಗೆ ಪ್ಯಾನೆಲ್ ಕಾದಷ್ಟೂ ಅದರ ಶಕ್ತಿ ಕುಂದುತ್ತದೆ. ಕಾರು 13 ಆಂಪ್ ಎಳೆದರೆ 3 ಕಿಲೋವಾಟ್ ಆಗುತ್ತದೆ, ಉಳಿದದ್ದು ಲೈನ್‌ನಿಂದ ಬರುತ್ತದೆ. ಕಾರಿನಲ್ಲಿ ಅಥವಾ ಚಾರ್ಜರ್‌ನಲ್ಲಿ 8 ಆಂಪ್‌ಗೆ ಇಳಿಸುವ ಆಯ್ಕೆ ಇದ್ದರೆ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಹೆಚ್ಚು ಕಡಿಮೆ ಪೂರ್ತಿ ಬಿಸಿಲಿನ ಕರೆಂಟೇ ಕಾರಿಗೆ ಹೋಗುತ್ತದೆ. ಐದು ಗಂಟೆಯಲ್ಲಿ ಒಂಬತ್ತು ಯೂನಿಟ್, ಅಂದರೆ 55 ಕಿ.ಮೀ.

ಬಿಸಿಲು ಏರಿದರೆ ತಾನೂ ಏರುವ, ಮೋಡ ಬಂದರೆ ತಾನೂ ಇಳಿಯುವ 'ಸೋಲಾರ್ ಚಾರ್ಜರ್'ಗಳೂ ಬಂದಿವೆ. ಒಳ್ಳೆಯ ತಂತ್ರಜ್ಞಾನವೇ. ಆದರೆ ಕಾರಿಗೆ ಎಸಿ ಚಾರ್ಜ್ ಕೊಡುವ ನಿಯಮದಲ್ಲಿ ಕನಿಷ್ಠ ಮಿತಿ 6 ಆಂಪ್. ಸಿಂಗಲ್ ಫೇಸ್‌ನಲ್ಲಿ ಅದು ಸುಮಾರು 1.4 ಕಿಲೋವಾಟ್. ಅದಕ್ಕಿಂತ ಕಡಿಮೆ ಬಿಸಿಲಿದ್ದರೆ ಚಾರ್ಜಿಂಗ್ ನಿಲ್ಲಬೇಕು, ಇಲ್ಲವೇ ಲೈನ್‌ನಿಂದ ಸೇರಿಸಿಕೊಳ್ಳಬೇಕು. ತ್ರೀ ಫೇಸ್‌ನಲ್ಲಿ ಮೂರು ಫೇಸ್‌ನಿಂದಲೂ ಚಾರ್ಜ್ ಮಾಡಿದರೆ ಈ ಕನಿಷ್ಠವೇ 4 ಕಿಲೋವಾಟ್ ದಾಟುತ್ತದೆ. ನಿಮ್ಮ 3 ಕಿಲೋವಾಟ್ ಪ್ಯಾನೆಲ್‌ಗೆ ಅದು ಆಗದ ಮಾತು. ನೆಟ್ ಮೀಟರ್ ಇರುವವರೆಗೆ ಈ ಚಾರ್ಜರ್‌ನಿಂದ ನಿಮ್ಮ ಬಿಲ್‌ಗೆ ಲಾಭವೂ ಇಲ್ಲ. ಸುಮ್ನೆ ಖರ್ಚು ಮಾಡಬೇಡಿ.

ದುಡ್ಡಿನ ವಿಷಯಕ್ಕೆ ಬಂದರೆ ಗೃಹಜ್ಯೋತಿಯನ್ನು ಮರೆತು ಲೆಕ್ಕ ಹಾಕುವಂತಿಲ್ಲ. ಏಜೆನ್ಸಿಯವರು ಇದನ್ನು ಎತ್ತಿರಲಿಕ್ಕಿಲ್ಲ.

ಕಾರು ಬರುವ ಮೊದಲು ನಿಮ್ಮ ಬಿಲ್ ಸೊನ್ನೆ. ಈಗ 350 ಯೂನಿಟ್. ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯಲ್ಲಿ ದಾಟಿದ ಭಾಗಕ್ಕೆ ಮಾತ್ರ ಬಿಲ್ ಅಂತಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ರಾಜ್ಯದಲ್ಲಿ 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. ತೆರಿಗೆ, ಸರ್‌ಚಾರ್ಜ್ ಸೇರಿಸಿ ₹6.50 ಎಂದಿಟ್ಟುಕೊಳ್ಳೋಣ. 350 ಯೂನಿಟ್‌ಗೆ ಸುಮಾರು ₹2,300, ಫಿಕ್ಸೆಡ್ ಚಾರ್ಜ್ ಸೇರಿದರೆ ₹2,700ರ ಹತ್ತಿರ. ಇದರಲ್ಲಿ ಕಾರು ಕುಡಿದದ್ದು ₹1,300 ಮಾತ್ರ. ಉಳಿದದ್ದು ಕಾರಿನ ಕಾರಣಕ್ಕೆ ನೀವು ಕಳೆದುಕೊಂಡ ಉಚಿತ ಕರೆಂಟ್. ಆದರೂ ಇದೇ 1,200 ಕಿ.ಮೀ.ಗೆ ಪೆಟ್ರೋಲ್ ಕಾರು ಎಂಟು ಸಾವಿರ ರೂಪಾಯಿ ಕೇಳುತ್ತಿತ್ತು. ದೊಡ್ಡ ಉಳಿತಾಯ ಕಾರು ಕೊಂಡ ದಿನವೇ ಆಗಿದೆ. ಸೋಲಾರ್ ಉಳಿಸುವುದು ಅದರ ನಂತರದ ಪಾಲನ್ನು.

3 ಕಿಲೋವಾಟ್ ಸೋಲಾರ್‌ಗೆ ಸುಮಾರು ಎರಡು ಲಕ್ಷ ಖರ್ಚು, ಸಬ್ಸಿಡಿ ಕಳೆದರೆ ₹1.2 ಲಕ್ಷದ ಆಸುಪಾಸು. ಹಾಕಿಸಿದ ಮೇಲೆ ಫಿಕ್ಸೆಡ್ ಚಾರ್ಜ್, ಮಳೆಗಾಲದ ಕೊರತೆ ಎಲ್ಲ ಸೇರಿ ತಿಂಗಳ ಸರಾಸರಿ ₹600 ಬರಬಹುದು. ₹2,700ಕ್ಕೆ ಹೋಲಿಸಿದರೆ ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್.

ಆದರೆ ನಿಮಗೆ ಇನ್ನೊಂದು ದಾರಿಯೂ ಇದೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಮಾಡಿತು. ಅದರ ಪ್ರಕಾರ ಎಲೆಕ್ಟ್ರಿಕ್ ವಾಹನ ಚಾರ್ಜ್ ಮಾಡಲು ನೀವು ಬೇರೆ ಕನೆಕ್ಷನ್ ಕೇಳಬಹುದು. ಕಾರು ಬೇರೆ ಮೀಟರ್‌ಗೆ ಹೋದರೆ ಮನೆಯ 150 ಯೂನಿಟ್ ಮತ್ತೆ 200ರ ಒಳಗೆ ಬರುತ್ತದೆ. ಕಾರಿನ ಮೀಟರ್‌ಗೆ ಮನೆಯ ದರವನ್ನೇ ಹಾಕಿದರೂ ಫಿಕ್ಸೆಡ್ ಚಾರ್ಜ್ ಸೇರಿ ₹1,700ರೊಳಗೆ ಮುಗಿಯುತ್ತದೆ. ಆದರೆ ಎರಡನ್ನೂ ಕೂಡಿಸಲು ಹೋಗಬೇಡಿ. ಮನೆಯ ಮೀಟರ್‌ಗೆ ಜೋಡಿಸಿದ ಸೋಲಾರ್, ಕಾರಿನ ಮೀಟರ್‌ನ ಯೂನಿಟ್ಟನ್ನು ಕಳೆಯುವುದಿಲ್ಲ. ಎರಡೂ ಮಾಡಿಸಿದರೆ ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್, ದುಡ್ಡು ಕೊಡಬೇಕಾದ ಕಾರಿಗೆ ಮೆಸ್ಕಾಂ ಕರೆಂಟ್ ಅಂತಾಗುತ್ತದೆ.

ಬೇರೆ ಮೀಟರ್ ದಾರಿಗೆ ಹೋಲಿಸಿದರೆ ಸೋಲಾರ್ ತಿಂಗಳಿಗೆ ಉಳಿಸುವುದು ₹1,100. ಆಗ ದುಡ್ಡು ವಾಪಸ್ ಬರಲು ಒಂಬತ್ತು ವರ್ಷ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಇರುತ್ತದೆ, ಇನ್ವರ್ಟರ್ ನಡುವೆ ಒಮ್ಮೆ ಬದಲಿಸಬೇಕಾಗಬಹುದು. ನನ್ನನ್ನು ಕೇಳಿದರೆ, ಆ ₹1.2 ಲಕ್ಷ ಕೈಯಲ್ಲಿದ್ದು ಬೇರೆ ತುರ್ತಿಲ್ಲದಿದ್ದರೆ ಸೋಲಾರ್ ಹಾಕಿಸಿ. ಗೃಹಜ್ಯೋತಿ 2023ರಲ್ಲಿ ಬಂದ ಯೋಜನೆ. ಯೋಜನೆಗಳು ಬದಲಾಗುತ್ತವೆ, ತಾರಸಿಯ ಪ್ಯಾನೆಲ್ ನಿಮ್ಮದೇ ಆಗಿ ಉಳಿಯುತ್ತದೆ. ಕಾರಿನ ಸಾಲದ ಕಂತಿನ ಮೇಲೆ ಇದಕ್ಕೂ ಸಾಲ ಮಾಡಬೇಕು ಅನ್ನುವ ಸ್ಥಿತಿ ಇದ್ದರೆ ಮೊದಲು ಬೇರೆ ಮೀಟರ್ ಕೇಳಿ, ಸೋಲಾರ್ ಎರಡು ವರ್ಷ ಕಾಯಲಿ. ಯಾವುದೇ ಆಗಲಿ, ನಿಮ್ಮ ಆರ್‌ಆರ್ ನಂಬರ್ ಬರೆದು ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಎರಡು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ. ಕಾರಿನ ಮೀಟರ್‌ಗೆ ಯಾವ ದರ ಹಾಕುತ್ತೀರಿ? ನೆಟ್ ಮೀಟರ್ ಹಾಕಿದ ಮೇಲೆ ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಯಾವ ಯೂನಿಟ್ ಮೇಲೆ ಲೆಕ್ಕ ಹಾಕುತ್ತೀರಿ? ಎರಡನೆಯ ಉತ್ತರ ನಿಮ್ಮ ಪರವಾಗಿ ಬಂದರೆ ಸೋಲಾರ್ ಲೆಕ್ಕ ಇನ್ನೂ ಚೆನ್ನಾಗುತ್ತದೆ.

ತಾರಸಿ ಬಗ್ಗೆ ನೀವು ಏನೂ ಬರೆದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಂತೆ ತಾರಸಿ ಮೇಲೆ ಶೀಟ್ ಹಾಕಿಸಿದ್ದರೆ ಪ್ಯಾನೆಲ್ ಅದರ ಮೇಲೆಯೇ ಕೂರಬಹುದು. ಆದರೆ ಕೆಳಗಿನ ಕಬ್ಬಿಣದ ಫ್ರೇಮ್ ಗಾಳಿಯ ಎಳೆತ ತಡೆಯುತ್ತದಾ ಎಂದು ನೋಡಿಸಿ, ಮತ್ತು ಶೀಟ್‌ಗೆ ತೂತು ಕೊರೆದ ಕಡೆಯೆಲ್ಲ ಸೀಲ್ ಆಗಿದೆಯಾ ಎಂದು ಮೊದಲ ಮಳೆಯಲ್ಲೇ ಪರೀಕ್ಷಿಸಿ. ದಕ್ಷಿಣಕ್ಕೆ ಮುಖ, 14 ಡಿಗ್ರಿ ಆಸುಪಾಸು ಓರೆ. ಪಕ್ಕದ ಮನೆಯ ತೆಂಗಿನ ಗರಿಯ ನೆರಳು, ನೀರಿನ ಟ್ಯಾಂಕಿನ ನೆರಳು ಪ್ಯಾನೆಲ್ ಮೇಲೆ ಬೀಳಬಾರದು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳಾದರೂ ಒಟ್ಟು ಉತ್ಪತ್ತಿಗೆ ಹೊಡೆತ ಬೀಳುತ್ತದೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ ನೆರಳಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಂಗಗಳ ಕಾಟ ಇದ್ದರೆ ವೈರ್‌ಗಳನ್ನು ಪೈಪ್ ಒಳಗೇ ಎಳೆಸಿ. ನಿಮ್ಮ ಕಡೆ ಮಳೆಗಾಲದ ನಂತರ ಪ್ಯಾನೆಲ್‌ನ ಕೆಳಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಅಕ್ಟೋಬರ್‌ನಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ.

ಸಬ್ಸಿಡಿಗೆ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಲ್ಲಿ ನೋಂದಾಯಿಸಿದ ಏಜೆನ್ಸಿಯೇ ಕೆಲಸ ಮಾಡಬೇಕು, ಸೆಲ್‌ನಿಂದ ಹಿಡಿದು ಪ್ಯಾನೆಲ್‌ವರೆಗೆ ಭಾರತದಲ್ಲೇ ತಯಾರಾಗಿರಬೇಕು. ಇದನ್ನು ಅವರು 'ಡಿಸಿಆರ್ ಪ್ಯಾನೆಲ್' ಎನ್ನುತ್ತಾರೆ, ಕೊಟೇಶನ್‌ನಲ್ಲಿ ಆ ಪದ ಇದೆಯಾ ನೋಡಿ. ನೆಟ್ ಮೀಟರ್ ಕೂತು ತಪಾಸಣೆ ಮುಗಿದ ಮೇಲೆ ದುಡ್ಡು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಸಬ್ಸಿಡಿ ಕಳೆದು ಉಳಿದದ್ದು ಕೊಡಿ, ಮಿಕ್ಕದ್ದು ನಾವೇ ನೋಡಿಕೊಳ್ಳುತ್ತೇವೆ ಅನ್ನುವವರ ಹತ್ತಿರ ಬರಹದಲ್ಲಿ ಒಪ್ಪಂದ ಇಲ್ಲದೆ ಮುಂಗಡ ಕೊಡಬೇಡಿ.

ಬೆಂಗಳೂರಿನ ನಿಮ್ಮ ತಮ್ಮನಿಗೆ ತಾರಸಿ ಅವರೊಬ್ಬರದೇ ಅಲ್ಲ, ಹಾಗಾಗಿ ಅವರೊಬ್ಬರೇ ಮಾಡುವ ಕೆಲಸ ಇದಲ್ಲ. ಇದೇ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಕಿಲೋವಾಟ್‌ಗೆ ₹18,000 ಸಬ್ಸಿಡಿ ಇದೆ. ಲಿಫ್ಟ್, ನೀರಿನ ಮೋಟಾರ್‌ನಂಥ ಸಾಮಾನ್ಯ ಬಳಕೆಯ ಜೊತೆ ವಾಹನ ಚಾರ್ಜಿಂಗ್ ಕೂಡ ಅದರಲ್ಲಿ ಸೇರುತ್ತದೆ. ಅವರು ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ. ಜೊತೆಗೆ ಪಾರ್ಕಿಂಗ್‌ನಲ್ಲಿ ಪ್ರತಿ ಚಾರ್ಜಿಂಗ್ ಪಾಯಿಂಟ್‌ಗೂ ಬೇರೆ ಸಬ್ ಮೀಟರ್ ಇರಬೇಕು ಎಂದು ಮೊದಲೇ ಬರೆಸಿಕೊಳ್ಳಲಿ. ಯಾರ ಕಾರಿನ ಯೂನಿಟ್ ಯಾರು ಕಟ್ಟಬೇಕು ಅನ್ನುವ ಜಗಳಕ್ಕೇ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಈ ಕೆಲಸ ನಿಂತುಹೋಗಿದೆ.